ರಾತ್ರಿ ತೋಟ ಗದ್ದೆ ಸುತ್ತೋಕೆ ಕೋವಿಗೆ ಯಾವ ಬೆಲ್ಟ್ ಹಾಕದು? ಹೆಗಲು ಕಿತ್ತು ಬರ್ತಿದೆ

ಹಕ್ಕಲುಮನೆ, ಹೊಸನಗರ:
ಎಲ್ಲರಿಗೂ ನಮಸ್ಕಾರ. ನಮ್ದು ಮೂರು ಎಕರೆ ಅಡಿಕೆ, ಕೆಳಗೆ ಒಂದೂವರೆ ಎಕರೆ ಗದ್ದೆ, ಅದರಾಚೆ ಬ್ಯಾಣ ಅಂದ್ರೆ ಹುಲ್ಲುಗಾವಲು, ಬ್ಯಾಣ ದಾಟಿದ್ರೆ ಕಾನು ಅಂದ್ರೆ ದಟ್ಟ ಕಾಡು. ಅಪ್ಪನ ಹೆಸರಲ್ಲಿದ್ದ ಬೆಳೆ ರಕ್ಷಣೆ ಲೈಸೆನ್ಸು ಈಗ ನನ್ನ ಹೆಸರಿಗೆ ಆಗಿದೆ, ಕೋವಿನೂ ಅದೇ ಹಳೇ ಒಂಟಿನಳಿಗೆ. ಈಗ ಭತ್ತ ಹಾಲುಗಾಳು ಕಟ್ಟೋ ಹೊತ್ತು, ಹಂದಿ ಹಿಂಡು ಒಂದು ರಾತ್ರಿ ಇಳಿದ್ರೆ ಬೆಳಿಗ್ಗೆ ಗದ್ದೆ ಚಾಪೆ ಹಾಸಿದಂಗೆ ಮಲಗಿರತ್ತೆ. ಹಾಗಾಗಿ ದಿನಾ ಹತ್ತು ಗಂಟೆಗೊಂದು ಸುತ್ತು, ಬೆಳಗಿನ ಜಾವ ಮೂರಕ್ಕೊಂದು ಸುತ್ತು, ಎರಡೂ ಸೇರಿ ಫೋನಲ್ಲಿ ನೋಡಿದ್ರೆ ಆರು ಕಿಲೋಮೀಟರ್ ಹತ್ರ ಆಗತ್ತೆ, ಅದೂ ಏರು ಇಳಿ, ಅಂಚಿನ ಮೇಲೆ, ಹಳ್ಳದ ಸಂಕದ (ಕಾಲುಸೇತುವೆ) ಮೇಲೆ. ಒಂದು ಕೈಲಿ ಬ್ಯಾಟ್ರಿ ಇನ್ನೊಂದು ಕೈಲಿ ಕೋಲು ಬೇಕೇ ಬೇಕು, ಅಂದ್ರೆ ಕೋವಿ ಹೆಗಲಲ್ಲೇ ಇರ್ಬೇಕು.

ಈಗಿರೋ ಬೆಲ್ಟು ಒಂದಿಂಚಿನ ನೈಲಾನ್ ಪಟ್ಟಿ. ಅರ್ಧ ಗಂಟೆ ನಡೆದ್ರೆ ಕುತ್ತಿಗೆ ಬುಡದಲ್ಲಿ ಗೆರೆ ಬೀಳತ್ತೆ. ಮೇಲೆ ಮಳೆಕೋಟು ಹಾಕಿದ್ರೆ ಹತ್ತು ಹೆಜ್ಜೆಗೊಂದ್ಸಲ ಜಾರಿ ಮೊಣಕೈಗೆ ಬರತ್ತೆ. ಟವೆಲ್ ಸುತ್ತಿ ನೋಡಿದೆ, ಮಳೆಗೆ ನೆಂದು ಅದೇ ಭಾರ ಆಯ್ತು. ಬಲ ಹೆಗಲು ಈಗ ಹಗಲೂ ನೋಯ್ತದೆ, ಅಡಿಕೆ ಕೊನೆ ಎತ್ತೋಕೂ ಕಷ್ಟ. ದಿನಾ ಕೋವಿ ಹೊತ್ತು ನಡೆಯೋರು ಯಾರಾದ್ರೂ ಇದ್ರೆ ಎಂತ ಹಾಕಿದೀರಿ ಹೇಳಿ, ಒಂದು ಸಾವಿರದ ಒಳಗೆ ಆದ್ರೆ ಒಳ್ಳೇದು.

ಬ್ಯಾಣದ ಹುಡುಗ, ಸಾಗರ:
ಅಣ್ಣ ಮೊದ್ಲು ಕೋವಿ ತೂಕ ಎಷ್ಟು ಹೇಳಿ. ಆಮೇಲೆ ಬೆಲ್ಟು ಸಿಕ್ಕಿಸೋ ಕೊಂಡಿ ಎಲ್ಲೆಲ್ಲಿದೆ? ಮುಂದಿನ ಕೊಂಡಿ ನಳಿಗೆ ಮೇಲಿದ್ಯಾ ಇಲ್ಲಾ ಕೈಹಿಡಿ ಮರದ ಮೇಲಿದ್ಯಾ? ಅದ್ರ ಮೇಲೆ ಬಹಳ ಇದೆ.

ಹಕ್ಕಲುಮನೆ:
ಅಡಿಕೆ ತೂಗೋ ತಕ್ಕಡಿಲಿ ಇಟ್ಟು ನೋಡಿದೆ, ಬೆಲ್ಟು ಸೇರಿ 3 ಕೆಜಿ 100 ಗ್ರಾಂ. ಮುಂದಿನ ಕೊಂಡಿ ನಳಿಗೆಗೇ ಇದೆ, ಹಿಂದಿಂದು ಮರಕ್ಕೆ ಸ್ಕ್ರೂ ಹೊಡೆದದ್ದು.

ನಿವೃತ್ತ ಹವಾಲ್ದಾರ್, ಶಿಕಾರಿಪುರ:
ಹೆಗಲ ಮೇಲೆ ಶಸ್ತ್ರ ಹೊತ್ತು ಸಾವಿರಾರು ಕಿಲೋಮೀಟರ್ ನಡೆದವನು ನಾನು, ಅದ್ರಲ್ಲಿ ಕಲ್ತಿದ್ದನ್ನ ಹೇಳ್ತೀನಿ ತಮ್ಮಾ. ಮೂರು ಕೆಜಿ ಅಂದ್ರೆ ಭಾರ ಅಲ್ಲ. ಮೂರು ಕೆಜಿ ಅಕ್ಕಿ ಚೀಲ ಹೆಗಲ ಮೇಲಿಟ್ಟು ಪೇಟೆಯಿಂದ ಮನೆಗೆ ನಡೆದು ಬರ್ತೀವಿ, ನೋವು ಅನ್ಸೋದಿಲ್ಲ. ನೋವು ಬರೋದು ಎರಡು ಕಾರಣಕ್ಕೆ.

ಒಂದು, ಪಟ್ಟಿ ಅಗಲ. ಒಂದಿಂಚಿನ ಪಟ್ಟಿ ಹೆಗಲಿಗೆ ತಾಗೋದು ಸುಮಾರು ನಾಲ್ಕಿಂಚು ಉದ್ದ ಅಂತ ಇಟ್ಕೊಳ್ಳಿ, ಅಂದ್ರೆ ಹತ್ತತ್ರ 25 ಚದರ ಸೆಂಟಿಮೀಟರ್, ಮೂರು ಕೆಜಿ ಅಷ್ಟರ ಮೇಲೆ ಕೂತ್ರೆ ಒಂದೊಂದು ಚದರ ಸೆಂಟಿಮೀಟರಿಗೂ 120 ಗ್ರಾಂ. ಎರಡಿಂಚು ಮಾಡಿದ್ರೆ ಅದು ಅರ್ಧಕ್ಕೆ ಇಳೀತು. ಹಂಗಂತ ನಾಲ್ಕಿಂಚು ಮಾಡೋಕೆ ಹೋಗ್ಬೇಡಿ, ಎರಡೂವರೆ ದಾಟಿದ್ರೆ ಒಳಗಿನ ಅಂಚು ಕುತ್ತಿಗೆಗೆ ಉಜ್ಜತ್ತೆ, ಅದು ಇನ್ನೂ ಕೆಟ್ಟದ್ದು.

ಎರಡನೇದು ಜಾರೋದು. ಇದನ್ನ ಯಾರೂ ಗಮನಿಸಲ್ಲ. ನಮ್ಮ ಹೆಗಲು ಇಳಿಜಾರು, ಪಟ್ಟಿ ಜಾರ್ತದೆ ಅಂತ ಗೊತ್ತಾದ ಕೂಡ್ಲೇ ಮೈ ತಾನಾಗೇ ಆ ಹೆಗಲನ್ನ ಮೇಲೆತ್ತಿ ಹಿಡ್ಕೊಳ್ಳತ್ತೆ. ಒಂದು ಗಂಟೆ ಹಂಗೆ ಎತ್ತಿ ಹಿಡಿದ್ರೆ ಕುತ್ತಿಗೆಯಿಂದ ಹೆಗಲಿಗೆ ಬರೋ ಸ್ನಾಯು ಕಲ್ಲಾಗತ್ತೆ. ನಿಮಗೆ ಹಗಲೂ ನೋಯ್ತಿರೋದು ಅದೇ, ಗೆರೆ ಬಿದ್ದ ಜಾಗ ಅಲ್ಲ, ಹೌದೋ ಅಲ್ವೋ ಒತ್ತಿ ನೋಡಿ. ಹಾಗಾಗಿ ಮೆತ್ತಗಿರೋ ಬೆಲ್ಟಿಗಿಂತ ಜಾರದೇ ಇರೋ ಬೆಲ್ಟು ಮುಖ್ಯ.

ಇನ್ನೊಂದು ಮಾತು, ಇದು ಬೆಲ್ಟಿಗಿಂತ ದೊಡ್ಡದು. ಹೆಗಲ ಮೇಲೆ ಇರೋವಾಗ ಒಳಗೆ ತೋಟೆ ಇರಬಾರದು. ತೋಟೆ ಜೇಬಲ್ಲಿರ್ಲಿ. ಒಂಟಿನಳಿಗೆ ಮುರಿದು, ಅಂದ್ರೆ ಮಧ್ಯಕ್ಕೆ ಮಡಚಿ ತೆರೆದು, ತೋಟೆ ಹಾಕೋಕೆ ಮೂರು ಸೆಕೆಂಡು, ಆ ಮೂರು ಸೆಕೆಂಡಿಗೆ ಹಂದಿ ಎಲ್ಲೂ ಹೋಗಲ್ಲ, ಹೋದ್ರೆ ನಮಗೆ ಬೇಕಾಗಿರೋದೇ ಅದು.

ಹಕ್ಕಲುಮನೆ:
ಸರ್ ನೀವು ಹೇಳಿದ ಜಾಗ ಒತ್ತಿ ನೋಡಿದೆ, ಕರೆಕ್ಟಾಗಿ ಅಲ್ಲೇ, ಕುತ್ತಿಗೆ ಪಕ್ಕ ಗಂಟು ಕಟ್ಟಿದಂಗಿದೆ. ತೋಟೆ ವಿಷ್ಯ ಅಪ್ಪನೂ ಅದನ್ನೇ ಹೇಳ್ತಿದ್ರು, ಖಾಲಿನೇ ಒಯ್ತೀನಿ.

ಕೊಪ್ಪೆ ಕಂಬಳಿ, ತೀರ್ಥಹಳ್ಳಿ:
ಯಾರಾದ್ರೂ ಚರ್ಮದ ಬೆಲ್ಟು ತಗೊಳ್ಳಿ ಅಂತ ಹೇಳೋ ಮೊದ್ಲೇ ಹೇಳಿಬಿಡ್ತೀನಿ. ಚರ್ಮ ಚಂದ, ಜಾರಲ್ಲ, ವರ್ಷ ಕಳೆದಂಗೆ ಹೆಗಲಿಗೆ ಹೊಂದ್ಕೊಳ್ಳತ್ತೆ, ಬಯಲುಸೀಮೆಲಿ ಇದ್ದಿದ್ರೆ ನಾನೂ ಅದನ್ನೇ ಹಾಕ್ತಿದ್ದೆ. ಆದ್ರೆ ನಮ್ಮಲ್ಲಿ ಜೂನ್ ಬಂತು ಅಂದ್ರೆ ಆಯ್ತು. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಸುರಿಯತ್ತೆ, ಗೋಡೆಗೆ ನೇತು ಹಾಕಿದ ಪ್ಯಾಂಟಿನ ಬೆಲ್ಟಿಗೇ ಬಿಳಿ ಬೂಷ್ಟು ಬರತ್ತೆ, ಇನ್ನು ದಿನಾ ನೆನೆಯೋ ಕೋವಿ ಬೆಲ್ಟಿನ ಗತಿ ಎಂತ. ನಾನು ಎಮ್ಮೆ ಚರ್ಮದ್ದು ಒಳ್ಳೇ ದಪ್ಪದ್ದು ಮಾಡಿಸಿದ್ದೆ. ಎರಡು ಮಳೆಗಾಲ ಒಲೆ ಮೇಲಿನ ಅಟ್ಟಕ್ಕೆ ಕಟ್ಟಿ ಒಣಗಿಸಿದ್ದೂ ಆಯ್ತು, ಅದೇ ತಪ್ಪಾಯ್ತು, ಬಿಸಿಗೆ ಚರ್ಮ ಸೆಟೆದು ಬಿರುಕು ಬಿಟ್ತು. ಚರ್ಮನ ನೆರಳಲ್ಲಿ ಗಾಳಿಗೇ ಒಣಗಿಸಬೇಕು, ಆಮೇಲೆ ಎಣ್ಣೆ ಹಚ್ಚಬೇಕು, ಮಳೆಗಾಲದಲ್ಲಿ ನಮ್ಮಲ್ಲಿ ಒಣ ಗಾಳಿ ಎಲ್ಲಿಂದ ತರೋದು?

ಅದಕ್ಕಿಂತ ಹೊಟ್ಟೆ ಉರಿದಿದ್ದು ಕೋವಿ ನೋಡಿ. ಮೂಲೆಲಿ ನಿಲ್ಲಿಸಿದಾಗ ಒದ್ದೆ ಚರ್ಮ ನಳಿಗೆಗೆ ತಾಗ್ಕೊಂಡೇ ಇತ್ತು, ತಾಗಿದ ಜಾಗದಲ್ಲಿ ಬೆಲ್ಟಿನ ಅಗಲಕ್ಕೆ ಸರಿಯಾಗಿ ತುಕ್ಕಿನ ಪಟ್ಟೆ. ಹಿತ್ತಾಳೆ ಕೊಂಡಿಗೆ ಹಸಿರು ಕಿಲುಬು. ಅಜ್ಜನ ಕಾಲದ ಕೋವಿ ಅದು. ಆ ಪಟ್ಟೆ ಇವತ್ತಿಗೂ ಹೋಗಿಲ್ಲ. ಬೆಲ್ಟು ಯಾವ್ದೇ ಹಾಕಿ, ಮನೆಗೆ ಬಂದ ಕೂಡ್ಲೇ ಬಿಚ್ಚಿ ಬೇರೆ ನೇತು ಹಾಕಿ, ನಳಿಗೆ ಒರೆಸಿ ಎಣ್ಣೆ ಬಟ್ಟೆ ಎಳೀರಿ.

ಬ್ಯಾಣದ ಹುಡುಗ:
ಆನ್‌ಲೈನಲ್ಲಿ ನಿಯೋಪ್ರೀನ್ ಪ್ಯಾಡ್ ಇರೋದು ಬರತ್ತಲ್ಲ, ಹಾವಿನ ಹೆಡೆ ತರ ಮಧ್ಯ ಅಗಲ ಇರೋದು, ಅದನ್ನ ಯಾರಾದ್ರೂ ಹಾಕಿದೀರಾ?

ರಾಕಿ ಬೆಟ್ಟದ ಮಲೆನಾಡಿಗ:
ನಾನು ಹಾಕಿದೀನಿ. ಹುಟ್ಟೂರು ಸಾಗರ, ಹದಿನೈದು ವರ್ಷದಿಂದ ಅಮೆರಿಕಾದ ಕೊಲೊರಾಡೋದಲ್ಲಿದೀನಿ. ಇಲ್ಲಿ ಸರ್ಕಾರನೇ ಲೈಸೆನ್ಸು ಕೊಟ್ಟು ಸೀಸನ್ ಇಟ್ಟು ಎಲ್ಕ್ ಬೇಟೆಗೆ ಬಿಡತ್ತೆ, ಎಲ್ಕ್ ಅಂದ್ರೆ ನಮ್ಮ ಕಡವೆ ಜಾತಿದೇ ಇನ್ನೂ ದೊಡ್ಡದು. ಆಫೀಸಿನವರ ಜೊತೆ ನಾಲ್ಕು ಸೀಸನ್ ಹೋಗಿದೀನಿ. ಒಂಬತ್ತು ಹತ್ತು ಸಾವಿರ ಅಡಿ ಎತ್ತರದಲ್ಲಿ ದಿನಕ್ಕೆ ಹನ್ನೆರಡು ಹದಿನಾಲ್ಕು ಕಿಲೋಮೀಟರ್ ನಡಿಗೆ, ರೈಫಲ್ಲು ದುರ್ಬೀನು ಸೇರಿ ನಾಲ್ಕು ಕೆಜಿ, ಈಡು ಹೊಡೆಯೋದು ಇಡೀ ವಾರಕ್ಕೆ ಒಂದ್ಸಲ ಆದ್ರೆ ಆಯ್ತು ಇಲ್ಲಾಂದ್ರೆ ಇಲ್ಲ. ಅಂದ್ರೆ ಕೆಲಸ ಪೂರ್ತಿ ಹೊರೋದೇ. ಅದಕ್ಕೇ ಇಲ್ಲಿಯವರು ಬೆಲ್ಟಿನ ಬಗ್ಗೆ ಬಹಳ ತಲೆ ಕೆಡಿಸ್ಕೊಳ್ತಾರೆ.

ನಿಯೋಪ್ರೀನ್ ಕೈಗೆ ಹಿಡಿದ್ರೆ ಮೆತ್ತಗೆ, ಅಂಗಡಿಲಿ ಹೆಗಲಿಗೆ ಹಾಕಿದಾಗ ಕೋವಿನೇ ಇಲ್ಲವೇನೋ ಅನ್ಸತ್ತೆ. ಆದ್ರೆ ಅದು ರಬ್ಬರಿನಂಗೆ ಹಿಗ್ಗತ್ತೆ. ಹೆಜ್ಜೆ ಹೆಜ್ಜೆಗೂ ಕೋವಿ ಕುಣಿಯತ್ತೆ, ಇಳಿಜಾರಲ್ಲಿ ಕೋವಿಯ ಹಿಂದಿನ ಮರ ಬಂದು ಸೊಂಟಕ್ಕೆ ಬಡಿಯತ್ತೆ, ಎರಡು ಗಂಟೆ ಆದ್ಮೇಲೆ ಆ ಕುಣಿತಕ್ಕೇ ಹೆಗಲು ಸೋಲತ್ತೆ. ತಗೊಳ್ಳೋದಾದ್ರೆ ಪ್ಯಾಡ್ ಮಾತ್ರ ಮೆತ್ತಗಿದ್ದು ಅದರ ಕೆಳಗೆ ಹಿಗ್ಗದ ಪಟ್ಟಿ ಪೂರ್ತಿ ಓಡಿರೋದು ನೋಡಿ. ಎರಡು ಕಡೆ ಹಿಡಿದು ಜಗ್ಗಿ, ಉದ್ದ ಆದ್ರೆ ಬೇಡ.

ಕೊಂಡಿ ಬಗ್ಗೆ ಕೇಳಿದ್ರಲ್ಲ. ಇಲ್ಲಿ ಕೊಂಡಿ ಬರೋದು ಎರಡು ಅಳತೆ, ಒಂದಿಂಚು ಮತ್ತೆ ಒಂದೂಕಾಲು ಇಂಚು. ಎರಡಿಂಚಿನ ಪಟ್ಟಿ ನೇರ ಒಳಗೆ ಹೋಗಲ್ಲ, ತುದಿಲಿ ಸಣ್ಣ ಪಟ್ಟಿ ಸೇರಿಸಲೇಬೇಕು. ನಿಮ್ಮ ಕೊಂಡಿ ನಳಿಗೆ ಮೇಲಿರೋದು ಒಂದು ಲಾಭ, ಮುಂದೆ ಇದ್ದಷ್ಟೂ ಕೋವಿ ಹೆಗಲಿಂದ ಕೆಳಗೆ ಜೋತು ಬೀಳತ್ತೆ, ತಲೆ ಮೇಲೆ ಚಾಚ್ಕೊಳ್ಳೋದು ಕಡಿಮೆ, ಕಾಫಿ ಗಿಡ ಲಂಟಾನಕ್ಕೆ ಸಿಕ್ಕಿಹಾಕೊಳ್ಳಲ್ಲ.

ತೋಟದ ಕಾವಲು, ಸೊರಬ:
ಒಂದು ಮಾತು, ಯಾರೂ ಬೇಜಾರು ಮಾಡ್ಕೋಬೇಡಿ. ಅಮೆರಿಕಾದಲ್ಲಿ ನಡೆಯೋದು ನಮ್ಮಲ್ಲಿ ನಡೆಯಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಕೊಲ್ಲೋದಷ್ಟೇ ಅಲ್ಲ, ಉರುಳು ಹಾಕೋದು, ವಿಷ ಇಡೋದು, ಹಿಡಿಯೋಕೆ ಅಟ್ಟಿಸ್ಕೊಂಡು ಹೋಗೋದು, ಆ ಪ್ರಯತ್ನನೂ ಬೇಟೆ ಅಂತಲೇ ಲೆಕ್ಕ. ಬೆಳೆ ರಕ್ಷಣೆ ಲೈಸೆನ್ಸು ಕೋವಿ ಇಟ್ಕೊಳ್ಳೋಕೆ, ಪ್ರಾಣಿಗೆ ಗುರಿ ಇಡೋಕೆ ಅದೇ ಪರ್ಮಿಷನ್ ಅಲ್ಲ, ಅದಕ್ಕೆ ಅರಣ್ಯ ಇಲಾಖೆ ಬರವಣಿಗೆಲಿ ಕೊಟ್ಟ ಅನುಮತಿನೇ ಬೇಕು. ಹಕ್ಕಲುಮನೆಯವರು ಹಂಗೆ ಮಾಡ್ತಾರೆ ಅಂತ ಅಲ್ಲ, ಹುಡುಗ್ರು ಓದ್ತಿರ್ತಾರೆ ಅಂತ ಬರೆದೆ. ಬೆಲ್ಟಿನ ಮಾತು ಮುಂದುವರಿಸಿ, ನನಗೂ ಬೇಕಾಗಿದೆ.

ಹಕ್ಕಲುಮನೆ:
ಒಪ್ಪಿದೆ. ನಾನು ಗದ್ದೆ ಅಂಚಲ್ಲಿ ನಿಂತು ಡಬ್ಬ ಬಡಿದು ಕೂಗು ಹಾಕ್ತೀನಿ, ಅದಕ್ಕೂ ಹೋಗದಿದ್ರೆ ಮೇಲಕ್ಕೊಂದು ಈಡು. ಸದ್ದಿಗೆ ಕಾನು ಹತ್ತಿ ಹೋಗ್ತವೆ. ಇಡೀ ಹೋದ ವರ್ಷ ಖರ್ಚಾಗಿದ್ದು ಒಂಬತ್ತು ತೋಟೆ.

ಹೊಳೆದಾರಿ, ಹೊಸನಗರ:
ಬೆಲ್ಟನ್ನ ಅಡ್ಡ ಹಾಕ್ಕೊಳ್ಳಿ, ಎಡ ಹೆಗಲಿಂದ ಬಲ ಸೊಂಟಕ್ಕೆ, ಜಾರೋ ಪ್ರಶ್ನೆನೇ ಇಲ್ಲ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ನಿಜ, ಜಾರಲ್ಲ, ಭಾರನೂ ಅರ್ಧ ಅನ್ಸತ್ತೆ. ನಾನು ಎರಡು ವರ್ಷ ಹಂಗೇ ನಡೆದೆ. ಯಾಕೆ ಬಿಟ್ಟೆ ಅಂತ ಹೇಳ್ತೀನಿ.

ನಮ್ಮ ಗದ್ದೆಗೆ ಹೋಗೋಕೆ ಹಳ್ಳ ದಾಟಬೇಕು, ಎರಡು ಅಡಿಕೆ ಮರ ಜೋಡಿಸಿದ ಸಂಕ, ಹಿಡ್ಕೊಳ್ಳೋಕೆ ಒಂದು ಬಿದಿರು. ಆಷಾಢದಲ್ಲಿ ಹಳ್ಳ ತುಂಬಿತ್ತು, ಮರದ ಮೇಲೆ ಪಾಚಿ, ಕಾಲು ಜಾರ್ತು. ಬಿದ್ದೆ ನೀರಿಗೆ. ಕೋವಿ ಬೆನ್ನಿಗೆ ಅಡ್ಡ ಇದೆ, ಅದರ ಮೇಲೆ ಮಳೆಕೋಟು ಬೇರೆ ಇದೆ. ನೀರು ಎಳೀತಾ ಇದ್ದಂಗೆ ನಳಿಗೆ ಸಂಕದ ಕಂಬಕ್ಕೆ ಸಿಕ್ಕಿಹಾಕೊಂಡು ಬೆಲ್ಟು ನನ್ನ ಎದೆಗೆ ಬಿಗೀತು. ಕೈ ಹಾಕಿ ಬಿಚ್ಚೋಣ ಅಂದ್ರೆ ಬಕಲ್ ಇರೋದು ಬೆನ್ನಲ್ಲಿ. ಜೊತೆಗೆ ಬಂದಿದ್ದ ತಮ್ಮ ಸೊಂಟದ ಕತ್ತಿಯಿಂದ ಪಟ್ಟಿ ಕೊಯ್ದ, ಅದಕ್ಕೇ ಇವತ್ತು ಬರೀತಿದೀನಿ. ಕೋವಿ ಮಾರನೇ ದಿನ ನೀರಿಳಿದ ಮೇಲೆ ಅಲ್ಲೇ ಸಿಕ್ತು.

ಆಮೇಲೆ ನಾನು ಮಾಡ್ಕೊಂಡ ನಿಯಮ ಇಷ್ಟೇ. ಸಂಕ, ದಣಪೆ (ಬೇಲಿಲಿ ಗಳು ದಾಟೋ ಜಾಗ), ಅಗಳು (ಕಂದಕ) ಇವು ಮೂರು ಬಂದಾಗ ಬೆಲ್ಟು ಅಡ್ಡ ಇರಬಾರದು, ಒಂದೇ ಹೆಗಲಿಗೆ ಬರಬೇಕು ಇಲ್ಲಾ ಕೈಗೆ ಬರಬೇಕು. ಐಬೆಕ್ಸ್ (ಕರೆಂಟ್) ಬೇಲಿ ದಾಟೋವಾಗ ಅಂತೂ ಕೋವಿ ಮುರಿದು ಮೊದಲು ಆಚೆ ಇಟ್ಟು ಆಮೇಲೆ ನಾವು ದಾಟೋದು. ಆಮೇಲೆ ಬೆಲ್ಟಿನ ಎದೆ ಭಾಗದಲ್ಲಿ ಸ್ಕೂಲ್ ಬ್ಯಾಗಿಗೆ ಬರೋ ಒತ್ತಿದ್ರೆ ಬಿಚ್ಚೋ ಬಕಲ್ ಇರಬೇಕು, ಕತ್ತಲಲ್ಲಿ ಒಂದೇ ಕೈಲಿ ಸಿಗೋ ಹಾಗೆ.

ನಿವೃತ್ತ ಹವಾಲ್ದಾರ್:
ಅಡ್ಡ ಹಾಕ್ಕೊಳ್ಳಿ ಅಂತ ಹೇಳೋನು ನಾನೇ ಆಗಿದ್ದೆ, ಬರೆಯೋದ್ರಲ್ಲಿದ್ದೆ. ನಿಮ್ಮ ಮಾತು ಓದಿ ನಿಲ್ಲಿಸಿದೆ. ನಾವು ನಡೆದಿದ್ದು ರಸ್ತೆ, ಮರಳು, ಕಲ್ಲುಬೆಟ್ಟ, ಪಾಚಿ ಹಿಡಿದ ಸಂಕ ಅಲ್ಲ. ಸರಿಯಾಗೇ ಹೇಳಿದೀರಿ.

ನಳಿಗೆ ಮೇಲೆ ಮುಖನೋ ಕೆಳಗೆ ಮುಖನೋ ಅನ್ನೋದೂ ಸೇರಿಸ್ತೀನಿ. ಮಳೆಗೆ ಕೆಳಗೆ ಮುಖ ಒಳ್ಳೇದು ಅಂತಾರೆ, ನೀರು ಒಳಗೆ ಹೋಗಲ್ಲ. ಆದ್ರೆ ಏರು ದಾರಿಲಿ ಕೂತ್ರೆ ಬಗ್ಗಿದ್ರೆ ಬಾಯಿ ಕೆಸರಿಗೆ ಊರತ್ತೆ. ನಳಿಗೆ ಬಾಯಲ್ಲಿ ಮಣ್ಣು ಕೂತಿದ್ದು ಗೊತ್ತಿಲ್ಲದೆ ಈಡು ಹೊಡೆದ್ರೆ ನಳಿಗೆ ಉಬ್ಬತ್ತೆ ಇಲ್ಲಾ ಸಿಡಿಯತ್ತೆ, ಕೈಯೇ ಹೋಗಬಹುದು. ನಮ್ಮ ಕಡೆಗೆ ಮೇಲೆ ಮುಖನೇ ಇರ್ಲಿ, ಬಾಯಿಗೆ, ಅಡಿಕೆ ಕೊನೆಗೆ ಕಟ್ಟೋ ಪ್ಲಾಸ್ಟಿಕ್ ಕೊಟ್ಟೆದೇ ಒಂದು ತುಂಡು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ತೋಟೆ ಹಾಕೋ ಮೊದ್ಲು ಅದನ್ನ ತೆಗೆದು, ಕೋವಿ ಮುರಿದು ಹಿಂದಿನಿಂದ ನಳಿಗೆ ಒಳಗೆ ಬೆಳಕು ಕಾಣತ್ತಾ ನೋಡೇ ಹಾಕಿ.

ಕುಶಾಲನಗರದವ:
ಕೊಡಗಿನಿಂದ ಓದ್ತಿದೀನಿ. ನಮ್ಮಲ್ಲಿ ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ, ಕೋವಿಗಳನ್ನೆಲ್ಲ ಒರೆಸಿ ಇಟ್ಟು ತೋಕ್ ಪೂವು (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡ್ತೀವಿ, ಅವತ್ತು ಬೆಲ್ಟು ಕೊಂಡಿ ಎಲ್ಲ ಬಿಚ್ಚಿ ನೋಡೋದು ನಮ್ಮ ಮನೆ ರೂಢಿ. ಹಿಂದಿನ ಕೊಂಡಿಯ ಸ್ಕ್ರೂ ಒಮ್ಮೆ ಬಿಚ್ಚಿ ನೋಡಿ ಅಂತ ಹೇಳೋಕೆ ಬರೆದೆ. ಹಳೇ ಮರ ಮಳೆಗೆ ಒಳಗೇ ಮೆತ್ತಗಾಗಿರತ್ತೆ, ಸ್ಕ್ರೂ ಹೊರಗಿಂದ ಗಟ್ಟಿ ಕಾಣತ್ತೆ. ಐನೂರು ರೂಪಾಯಿ ಬೆಲ್ಟು ಹಾಕಿ ಕೊಂಡಿನೇ ಕಿತ್ತು ಬಂದ್ರೆ ಎಂತ ಪ್ರಯೋಜನ.

ಬ್ಯಾಣದ ಹುಡುಗ:
ಕಳೆ ಹೊಡೆಯೋ ಮಷಿನ್ನಿಗೆ ಎರಡೂ ಹೆಗಲಿಗೆ ಬೆಲ್ಟು ಬರತ್ತಲ್ಲ, ಅದನ್ನೇ ಹಾಕಿದ್ರೆ?

ರಾಕಿ ಬೆಟ್ಟದ ಮಲೆನಾಡಿಗ:
ಯೋಚನೆ ಒಳ್ಳೇದೇ. ಹಿಮದಲ್ಲಿ ಸ್ಕೀ ಮೇಲೆ ಓಡಿ ಗುರಿ ಹೊಡೆಯೋ ಬಯಾಥ್ಲಾನ್ ಅಂತ ಆಟ ಇದೆ, ಅವರು ಕನಿಷ್ಠ 3.5 ಕೆಜಿ ರೈಫಲ್ಲನ್ನ ಹಿಂಗೇ ಎರಡು ಹೆಗಲಿಗೆ ಬೆನ್ನ ಮೇಲೆ ಹೊರ್ತಾರೆ, ಭಾರ ಸಮ ಹಂಚೋಕೆ ಅದಕ್ಕಿಂತ ಒಳ್ಳೇದು ಇಲ್ಲ. ಆದ್ರೆ ಹೊಳೆದಾರಿಯವರು ಹೇಳಿದ ಹಳ್ಳದಲ್ಲಿ ಎರಡು ಹೆಗಲಿಂದ ಬಿಡಿಸ್ಕೊಳ್ಳೋದು ಇನ್ನೂ ಕಷ್ಟ. ಬಯಲು ಗದ್ದೆ ಇದ್ದವರಿಗೆ ಸರಿ.

ಹೊಲಿಗೆ ಮಷಿನ್, ಶಿವಮೊಗ್ಗ:
ನಮ್ಮ ಮನೆಯವರಿಗೆ ನಾನೇ ಹೊಲಿದು ಕೊಟ್ಟಿದೀನಿ, ತವರು ಕೋಣಂದೂರು ಕಡೆ, ಈಗ ಅಣ್ಣನೂ ಒಂದು ತಗೊಂಡು ಹೋಗಿದಾನೆ. ಅಂಗಡಿಗೆ ಹೋಗೋದೇ ಬೇಡ. ಗುಜರಿಗೆ ಬಂದ ಕಾರಿನ ಸೀಟ್ ಬೆಲ್ಟು ತಗೊಳ್ಳಿ. ಇಲ್ಲಿ ಸಾಗರ ರಸ್ತೆ ಆಟೋ ಕಾಂಪ್ಲೆಕ್ಸಲ್ಲಿ ಕೇಳಿದ್ರೆ ಸಿಗತ್ತೆ, ನಾನು 120 ಕೊಟ್ಟೆ. ಹೆಚ್ಚುಕಡಿಮೆ ಎರಡಿಂಚು ಅಗಲ, ತೆಳು, ಹಿಗ್ಗಲ್ಲ. ಅದು ಪಾಲಿಯೆಸ್ಟರ್, ನೀರು ಕುಡಿಯೋದೇ ಇಲ್ಲ ಅನ್ನಬಹುದು, ಎರಡು ಸಲ ಕೊಡವಿದ್ರೆ ಒಣಗತ್ತೆ. ನೈಲಾನು ಹಂಗಲ್ಲ, ನೀರು ಹೀರ್ಕೊಂಡು ನೆಂದಾಗ ಉದ್ದ ಆಗತ್ತೆ.

ಸೀಟ್ ಬೆಲ್ಟಿನ ತಪ್ಪು ಒಂದೇ, ನುಣುಪು. ಅದಕ್ಕೆ ಹೆಗಲಿಗೆ ಕೂರೋ ಜಾಗದಲ್ಲಿ ಒಂಬತ್ತಿಂಚು ಉದ್ದಕ್ಕೆ ಒಳಗಡೆ ಹಳೇ ಸೈಕಲ್ ಟ್ಯೂಬು ಸೀಳಿ ಒಳಮೈ ಹೊರಗೆ ಬರೋ ಹಾಗೆ ಇಟ್ಟು ಹೊಲಿದೆ. ಮಳೆಕೋಟಿನ ಮೇಲೆ ಕೂತ್ರೆ ಅಲ್ಲಾಡಲ್ಲ. ಬೇಸಗೆಲಿ ಬರೀ ಅಂಗಿ ಮೇಲೆ ರಬ್ಬರು ಬೆವರತ್ತೆ ಅಂತ ಹೊರಗಡೆ ಕಂಬಳಿ ತುಂಡು ಹೊಲಿದಿದೀನಿ, ಬೆಲ್ಟು ತಿರುಗಿಸಿ ಹಾಕಿದ್ರೆ ಆಯ್ತು. ಹಳೇ ಕಂಬಳಿ ಬೇಡ, ಸವೆದಿರತ್ತೆ, ಒರಟು ಇರೋದೇ ಹಿಡಿಯತ್ತೆ.

ತುದಿಗೆ ಒಂದಿಂಚಿನ ಬ್ಯಾಗ್ ಪಟ್ಟಿ. ಎರಡಿಂಚಿನ ಮೇಲೆ ಅದನ್ನ ಎರಡೂವರೆ ಇಂಚಾದ್ರೂ ಹತ್ತಿಸಿ, ಚೌಕ ಹೊಲಿದು ಒಳಗೆ ಗುಣಾಕಾರ ಚಿಹ್ನೆ ತರ ಎರಡು ಗೆರೆ. ಮನೆ ಮಷಿನ್ನಲ್ಲಿ ಪ್ರಯತ್ನ ಮಾಡ್ಬೇಡಿ, ಎರಡು ಪದರ ಸೀಟ್ ಬೆಲ್ಟು ದಾಟೋಕಾಗಲ್ಲ, ನಂದು ಸೂಜಿ ಮುರಿದು ಕಣ್ಣಿನ ಹತ್ರ ಹಾರ್ತು. ಗಾಂಧಿ ಬಜಾರಲ್ಲಿ ಬ್ಯಾಗ್ ರಿಪೇರಿಯವರ ಹತ್ರ ದೊಡ್ಡ ಮಷಿನ್ ಇರತ್ತೆ, ಹತ್ತು ನಿಮಿಷದ ಕೆಲಸ. ಇಲ್ಲಾಂದ್ರೆ ದಬ್ಬಳ ಮತ್ತೆ ದಪ್ಪ ನೈಲಾನ್ ದಾರ, ಅಡಿಕೆ ಚೀಲ ಹೊಲಿದ ಕೈಗೆ ಅದೆಂತ ಕಷ್ಟ ಅಲ್ಲ. ಹತ್ತಿ ದಾರ ಹಾಕ್ಬೇಡಿ, ಒಂದು ಮಳೆಗಾಲಕ್ಕೆ ಕೊಳೆಯತ್ತೆ.

ತೋಟದ ಕಾವಲು:
ಅಕ್ಕ ಫೋಟೋ ಹಾಕಿ ದಯವಿಟ್ಟು. ಕಂಬಳಿ ಪಟ್ಟಿ ಬಗ್ಗೆ ಒಂದು ಎಚ್ಚರ, ನಮ್ಮ ಸೊರಬ ತಾಲೂಕಿನ ಕ್ಯಾಸನೂರಲ್ಲೇ 1957ರಲ್ಲಿ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು, ನಮಗೆ ಆ ಹೆದರಿಕೆ ಬಿಟ್ಟಿಲ್ಲ. ಡಿಸೆಂಬರಿಂದ ಮೇ ತನಕ ಕೋವಿನ ದರಕಿನ (ಒಣ ಎಲೆ) ಮೇಲೆ ಮಲಗಿಸಿ ಇಡ್ಬೇಡಿ, ಆ ಕಾಯಿಲೆ ಹರಡೋ ಉಣುಗು (ಉಣ್ಣೆ ಹುಳ) ಕಂಬಳಿಗೆ ಹತ್ತಿದ್ರೆ ಕಾಣೋದೇ ಇಲ್ಲ, ಅಲ್ಲಿಂದ ನೇರ ಕುತ್ತಿಗೆಗೆ. ಮರಕ್ಕೆ ನೇತು ಹಾಕಿ, ಮನೆಗೆ ಬಂದು ಬೆಲ್ಟು ಬಿಚ್ಚಿ ಬಿಸಿನೀರಿಗೆ ಅದ್ದಿ.

ಹೊಲಿಗೆ ಮಷಿನ್:
ಇದು ನನಗೆ ಹೊಳೆದೇ ಇರ್ಲಿಲ್ಲ, ಒಳ್ಳೇದಾಯ್ತು ಹೇಳಿದ್ದು. ಕಂಬಳಿ ತುಂಡನ್ನ ಹೊಲಿಯೋ ಬದ್ಲು ಟಿಚ್ ಬಟನ್ ಹಾಕ್ತೀನಿ ಹಂಗಾದ್ರೆ, ಬಿಚ್ಚಿ ತೊಳೀಬಹುದು.

ಹಕ್ಕಲುಮನೆ:
ಮೂರು ವಾರ ಆಯ್ತು, ಎಂತ ಆಯ್ತು ಅಂತ ಹೇಳದೇ ಹೋದ್ರೆ ತಪ್ಪಾಗತ್ತೆ.

ಅಕ್ಕ ಹೇಳಿದಂಗೆ ಸೀಟ್ ಬೆಲ್ಟು ತಂದೆ, ಬ್ಯಾಗ್ ರಿಪೇರಿಯವರು ಹೊಲಿದು ಕೊಟ್ರು, ಒಳಗೆ ಟ್ಯೂಬು, ಎದೆ ಹತ್ರ ಒತ್ತೋ ಬಕಲ್, ಎಲ್ಲ ಸೇರಿ 310 ರೂಪಾಯಿ. ಕುಶಾಲನಗರದವರ ಮಾತಿಗೆ ಹಿಂದಿನ ಸ್ಕ್ರೂ ತಿರುಗಿಸಿದೆ, ಎರಡೇ ಸುತ್ತಿಗೆ ಕೈಗೆ ಬಂತು ಮಾರಾಯ್ರೆ, ಮರ ಒಳಗೆ ಪುಡಿ. ಬಡಗಿ ಹತ್ರ ಆ ತೂತಿಗೆ ಗಟ್ಟಿ ಮರದ ಗೂಟ ಹೊಡೆಸಿ ಅಂಟು ಹಾಕಿ ಎರಡು ದಿನ ಬಿಟ್ಟು ಹೊಸ ಸ್ಕ್ರೂ ಹಾಕಿಸಿದೆ. ಅದು ಸಂಕದ ಮೇಲೆ ಕಿತ್ತು ಬಂದಿದ್ರೆ ಅಂತ ನೆನೆಸಿದ್ರೆ ಈಗಲೂ ಮೈ ಜುಂ ಅನ್ನತ್ತೆ.

ಮೊದಲ ನಾಲ್ಕು ದಿನ ಬೆಲ್ಟು ಉದ್ದ ಜಾಸ್ತಿ ಇತ್ತು, ಹಿಂದಿನ ಮರ ತೊಡೆಗೆ ಬಡೀತಿತ್ತು, ಎರಡಿಂಚು ಏರಿಸಿದೆ, ಈಗ ಮೊಣಕೈ ಕೆಳಗೆ ಅಮುಕಿ ಹಿಡಿದ್ರೆ ಅಲ್ಲಾಡಲ್ಲ. ಮಳೆಕೋಟಿನ ಮೇಲೆ ಜಾರೋದು ನಿಂತೇ ಹೋಯ್ತು. ಗೆರೆ ಬೀಳೋದು ಮೂರನೇ ದಿನಕ್ಕೆ ಹೋಯ್ತು, ಆ ಕುತ್ತಿಗೆ ಗಂಟು ಕರಗೋಕೆ ಎರಡು ವಾರ ತಗೊಳ್ತು, ಹವಾಲ್ದಾರ್ ಸರ್ ಹೇಳಿದ್ದು ಅಕ್ಷರಶಃ ನಿಜ. ಬ್ಯಾಣದಲ್ಲಿ ಅಡ್ಡ ಹಾಕ್ಕೊಳ್ತೀನಿ, ಸಂಕ ಬರೋ ಮೊದಲು ಒಂದು ಹಲಸಿನ ಮರ ಇದೆ, ಅದರ ಬುಡದಲ್ಲಿ ನಿಂತು ಒಂದೇ ಹೆಗಲಿಗೆ ಬದಲಾಯಿಸೋದು ಅಂತ ಅಭ್ಯಾಸ ಮಾಡ್ಕೊಂಡೆ. ನಿನ್ನೆ ಮಗ ಜೊತೆಗೆ ಬಂದಿದ್ದ, ನಾನು ಮರೆತು ಮುಂದೆ ಹೋಗ್ತಿದ್ರೆ ಅವನೇ ಹಿಂದಿನಿಂದ ಅಪ್ಪಾ ಹಲಸು ಅಂದ.

ನಿವೃತ್ತ ಹವಾಲ್ದಾರ್:
ಬಹಳ ಸಂತೋಷ ಆಯ್ತು ತಮ್ಮಾ. ವಾರಕ್ಕೊಂದ್ಸಲ ಎಡ ಹೆಗಲಿಗೂ ಹಾಕಿ ನಡೀರಿ, ಒಂದೇ ಕಡೆ ಬೇಡ. ಚುನಾವಣೆಗೆ ಕೋವಿ ಠಾಣೆಲಿ ಇಡೋಕೆ ಹೋಗೋವಾಗ ಬೆಲ್ಟು ಬಿಚ್ಚಿ ಮನೆಲೇ ಇಟ್ಟು ಹೋಗಿ.

ಹೊಳೆದಾರಿ:
ಮಗನಿಗೆ ನನ್ನ ಕಡೆಯಿಂದ ಶಾಭಾಷ್ ಹೇಳಿ. ನಮ್ಮ ಸಂಕಕ್ಕೆ ಈ ವಾರ ಹೊಸ ಅಡಿಕೆ ಮರ ಹಾಕಿದ್ವಿ, ಮೇಲೆ ಕೋಳಿ ಜಾಲರಿ ತಂತಿ ಬಿಗಿದು ಮೊಳೆ ಹೊಡೆದಿದೀವಿ, ಕಾಲು ಹಿಡಿಯತ್ತೆ. ನೀವೂ ಮಾಡಿ.